ಅಗ್ನಿಶಾಮಕರ ವ್ಯಾಸಂಗ

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ಬಿದ್ದಿತು. ಅದರ ಒಡಲಲ್ಲಿ ಹತ್ತಿಯ ಅಂಡಿಗೆಗಳೂ ಸಿಡಿಮದ್ದೂ ಇದ್ದವು. ನೀರು ಹಾಯಿಸುತ್ತಿದ್ದ ಅಗ್ನಿಶಾಮಕರು ಸ್ಥಳಬಿಟ್ಟು ಕದಲಲಿಲ್ಲ. ಹಡಗು ಸಿಡಿದಾಗ ಅವರಲ್ಲಿ 66 ಮಂದಿ ಮಡಿದರು. ಅವರ ನೆನಪಿಗಾಗಿ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸಲಾಗುತ್ತದೆ.

ಇಂತಹ ಸೇವೆಗೆ ಧೈರ್ಯದೊಡನೆ ಅರಿವೂ ಬೇಕು. ಆ ಅರಿವನ್ನು ನೀಡಲು 1956ರಲ್ಲಿ ಆರಂಭವಾದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಈಗ ನಾಗಪುರದಲ್ಲಿದೆ. ಸಮವಸ್ತ್ರ ತೊಡಬಯಸುವವರು ಕವಾಯತು, ಏಣಿ ಏರುವಿಕೆಗಳೊಡನೆ ಬೆಂಕಿಯ ಸ್ವಭಾವವನ್ನೂ ಅಭ್ಯಸಿಸುತ್ತಾರೆ. ಉರಿಯುವ ಎಣ್ಣೆಗೆ ನೀರು ಸುರಿದರೆ, ಎಣ್ಣೆ ಮೇಲೆ ತೇಲಿ ಬೆಂಕಿ ಹರಡುತ್ತದೆ. ಅಲ್ಲಿ ನೊರೆಯನ್ನು ಹಾಯಿಸಬೇಕು. ವಿದ್ಯುತ್ತಿನಿಂದ ಹತ್ತಿದ ಬೆಂಕಿಯಾದರೆ ಮೊದಲು ವಿದ್ಯುತ್ ಸಂಪರ್ಕವನ್ನು ಕಡಿಯಬೇಕು. ಪಾಠ ಮರೆತರೆ ಪರೀಕ್ಷೆಯಲ್ಲಿ ಅಂಕ ಹೋದೀತು. ಕರ್ತವ್ಯದಲ್ಲಿ ಪ್ರಾಣವೇ ಹೋದೀತು.