ಲೆಕ್ಕಪರಿಶೋಧಕರ ಅಂತರರಾಷ್ಟ್ರೀಯ ತರಬೇತಿ: ಸಣ್ಣ ಉದ್ದಿಮೆದಾರರಿಗೆ ಅದರಿಂದೇನು?

"ಆಡಿಟರು ಸೆಮಿನಾರಿಗೆ ಹೋಗಿದ್ದಾರೆ, ನಾಳೆ ಬನ್ನಿ" ಎಂಬ ಉತ್ತರವನ್ನು ಕೇಳದ ವರ್ತಕರು ವಿರಳ. ಹಲವರಿಗೆ ಇದು ಕೆಲಸ ಮುಂದೂಡುವ ನೆಪವಾಗಿ ತೋರುವುದೂ ಉಂಟು. ಆದರೆ ಈ ಸಭೆ, ಸಮ್ಮೇಳನ ಮತ್ತು ತರಬೇತಿಗಳಲ್ಲಿ ಚರ್ಚೆಯಾದ ವಿಷಯಗಳು ಕೆಲವೇ ವರ್ಷಗಳಲ್ಲಿ ವರ್ತಕರ ಲೆಕ್ಕಪುಸ್ತಕದೊಳಕ್ಕೆ ಬಂದು ಕುಳಿತುಕೊಳ್ಳುತ್ತವೆ. ಅವು ಯಾವ ದಾರಿಯಿಂದ ಬರುತ್ತವೆ, ಅವುಗಳಿಂದ ಸಣ್ಣ ಉದ್ದಿಮೆಗೆ ಆಗುವ ಪ್ರಯೋಜನವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಸಂಸ್ಥೆಗಳ ಪರಿಚಯ

ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯು ಸಂಸತ್ತಿನ ಕಾಯಿದೆಯನ್ವಯ 1949ರ ಜುಲೈ 1ರಂದು ಸ್ಥಾಪನೆಯಾಯಿತು. ವಿವಿಧ ರಾಷ್ಟ್ರಗಳ ಇಂತಹ ಸಂಸ್ಥೆಗಳು ಸೇರಿ 1977ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅಂತರರಾಷ್ಟ್ರೀಯ ಲೆಕ್ಕಿಗರ ಒಕ್ಕೂಟವನ್ನು ರಚಿಸಿಕೊಂಡವು. ನಮ್ಮ ಸಂಸ್ಥೆ ಅದರ ಸ್ಥಾಪಕ ಸದಸ್ಯರಲ್ಲೊಂದು. ದಕ್ಷಿಣ ಏಷ್ಯಾದ ಮಟ್ಟದಲ್ಲಿ 1984ರಿಂದ ಪ್ರತ್ಯೇಕ ಒಕ್ಕೂಟವೊಂದು ಕೆಲಸ ಮಾಡುತ್ತಿದೆ.

ವಿಶ್ವ ಲೆಕ್ಕಿಗರ ಸಮ್ಮೇಳನದ ಪರಂಪರೆ 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆರಂಭವಾಯಿತು. ಅದರ 21ನೆಯ ಸಮ್ಮೇಳನವು 2022ರ ನವೆಂಬರ್ 18ರಿಂದ 21ರವರೆಗೆ ಮುಂಬಯಿಯಲ್ಲಿ ಜರುಗಿತು. 118 ವರ್ಷಗಳ ಇತಿಹಾಸದಲ್ಲಿ ಈ ಸಮ್ಮೇಳನ ಭಾರತಕ್ಕೆ ಬಂದದ್ದು ಅದೇ ಮೊದಲು. ವಿಶ್ವಾಸವನ್ನು ಕಟ್ಟುವುದು ಮತ್ತು ಸುಸ್ಥಿರತೆಯನ್ನು ಸಾಧ್ಯವಾಗಿಸುವುದು ಅಲ್ಲಿನ ಮುಖ್ಯ ವಿಷಯವಾಗಿತ್ತು.

ನಿರಂತರ ಶಿಕ್ಷಣದ ನಿಯಮ

ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಲೆಕ್ಕಪರಿಶೋಧಕರ ಓದು ಮುಗಿಯುವುದಿಲ್ಲ. ಜ್ಞಾನವನ್ನು ನಿರಂತರವಾಗಿ ನವೀಕರಿಸಿಕೊಳ್ಳಬೇಕೆಂಬುದು ಅಂತರರಾಷ್ಟ್ರೀಯ ಶಿಕ್ಷಣ ಮಾನದಂಡಗಳ ಆಶಯ. ಅದಕ್ಕನುಗುಣವಾಗಿ, 2023ರಿಂದ 2025ರವರೆಗಿನ ಮೂರು ವರ್ಷಗಳ ಅವಧಿಗೆ, ವೃತ್ತಿನಿರತರಾಗಿರುವ 60 ವರ್ಷದೊಳಗಿನ ಸದಸ್ಯರು ಒಟ್ಟು 120 ಗಂಟೆಗಳ ಅಧ್ಯಯನವನ್ನು ಪೂರೈಸಬೇಕೆಂದು ಸಂಸ್ಥೆ ವಿಧಿಸಿತ್ತು. ಅದರಲ್ಲಿ ಕನಿಷ್ಠ 60 ಗಂಟೆಗಳು ಸಂಸ್ಥೆ ಮಾನ್ಯ ಮಾಡಿದ ತರಗತಿ, ಸಮ್ಮೇಳನಗಳಲ್ಲಿಯೇ ಆಗಬೇಕಿತ್ತು. ಪ್ರತಿ ವರ್ಷ ಇಂತಹ 20 ಗಂಟೆಗಳಿಗೆ ಕಡಿಮೆಯಾಗುವಂತಿರಲಿಲ್ಲ.

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಮೊದಲಾದ ಕಡೆಗಳಲ್ಲಿರುವ ಶಾಖೆಗಳು ಇಂತಹ ಕಾರ್ಯಕ್ರಮಗಳನ್ನು ನಡೆಸುತ್ತವೆ. ದುಬೈ, ಅಬುಧಾಬಿ, ಸಿಂಗಪುರ, ಲಂಡನ್ ಮುಂತಾದ ನಗರಗಳಲ್ಲಿಯೂ ಸಂಸ್ಥೆಯ ಘಟಕಗಳಿವೆ. ಅಂತರರಾಷ್ಟ್ರೀಯ ತೆರಿಗೆ, ವಿದೇಶಿ ವಿನಿಮಯ ನಿರ್ವಹಣೆ ಮುಂತಾದ ವಿಷಯಗಳಲ್ಲಿ ವಿಶೇಷ ಕೋರ್ಸುಗಳೂ ಉಂಟು.

ಎಲ್ಲ ಸಮ್ಮೇಳನಗಳೂ ಸಮಾನವಾಗಿ ಉಪಯುಕ್ತವೆಂದು ಹೇಳಲಾಗದು. ಗಂಟೆಗಳ ಲೆಕ್ಕ ತುಂಬಿಸಲೆಂದೇ ಹಾಜರಾಗುವವರೂ ಇದ್ದಾರೆ. ಆದುದರಿಂದ ತರಬೇತಿಯ ಫಲವನ್ನು ಪ್ರಮಾಣಪತ್ರದಲ್ಲಿ ಹುಡುಕದೆ, ತಮ್ಮ ಲೆಕ್ಕಪತ್ರದಲ್ಲಿ ಹುಡುಕುವುದು ವರ್ತಕರಿಗೆ ಲೇಸು. ಮುಂದಿನ ಮೂರು ಉದಾಹರಣೆಗಳು ಇದನ್ನು ಸ್ಪಷ್ಟಪಡಿಸುತ್ತವೆ.

ಮೊದಲನೆಯದು: ದಾಸ್ತಾನು ಮತ್ತು ಬಾಕಿಗಳ ದೃಢೀಕರಣ

ಮಾರ್ಚ್ 31ರಂದು ಪರಿಶೋಧಕರ ಕಡೆಯವರು ಗೋದಾಮಿಗೆ ಬಂದು ಸರಕು ಎಣಿಸುವುದು, ಗ್ರಾಹಕರಿಗೆ ಬಾಕಿ ದೃಢೀಕರಣ ಪತ್ರ ಕಳುಹಿಸುವುದು ಕೆಲವರಿಗೆ ಅಪನಂಬಿಕೆಯ ಲಕ್ಷಣವೆನಿಸುತ್ತದೆ. ವಾಸ್ತವದಲ್ಲಿ ಇದು ಮಾನದಂಡದ ಪಾಲನೆ. ಅಂತರರಾಷ್ಟ್ರೀಯ ಮಂಡಳಿಯ ಮಾನದಂಡಗಳಿಗೆ ಅನುಗುಣವಾಗಿ ನಮ್ಮ ಸಂಸ್ಥೆ ಹೊರಡಿಸಿರುವ ಲೆಕ್ಕಪರಿಶೋಧನಾ ಮಾನದಂಡ 501, ದಾಸ್ತಾನು ಗಣನೀಯವಾಗಿದ್ದಲ್ಲಿ ಅದರ ಎಣಿಕೆಯ ವೇಳೆ ಪರಿಶೋಧಕರ ಉಪಸ್ಥಿತಿಯನ್ನು ಬಯಸುತ್ತದೆ. ಮಾನದಂಡ 505 ಹೊರಗಿನವರಿಂದ ಪಡೆಯುವ ದೃಢೀಕರಣಕ್ಕೆ ಸಂಬಂಧಿಸಿದುದು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಗ್ರಾಹಕರ ಉತ್ತರವು ನೇರವಾಗಿ ಪರಿಶೋಧಕರಿಗೇ ತಲುಪಬೇಕು. ವರ್ತಕರ ಕೈಹಾಯ್ದು ಬಂದ ಉತ್ತರಕ್ಕೆ ಅಷ್ಟು ಬೆಲೆಯಿಲ್ಲ. ಉತ್ತರ ಬಾರದಿದ್ದಲ್ಲಿ ನಂತರ ಬಂದ ಹಣ, ಸರಕು ಸಾಗಣೆಯ ದಾಖಲೆ ಮುಂತಾದವುಗಳಿಂದ ಬಾಕಿಯನ್ನು ಪರೀಕ್ಷಿಸಲಾಗುತ್ತದೆ. ಎರಡು ವರ್ಷಗಳಿಂದ ಉತ್ತರವನ್ನೇ ಕೊಡದ ಗ್ರಾಹಕನ ಬಾಕಿ ಈ ಪರೀಕ್ಷೆಯಲ್ಲಿ ಹೊರಬೀಳುತ್ತದೆ. ಬಾರದ ಬಾಕಿಯನ್ನು ಬರುವ ಬಾಕಿಯೆಂದು ತೋರಿಸಿದ ಅಢಾವೆ ಪತ್ರಿಕೆಯು ಬ್ಯಾಂಕಿಗಿಂತ ಮೊದಲು ಮೋಸಗೊಳಿಸುವುದು ತನ್ನ ಒಡೆಯನನ್ನೇ.

ಎರಡನೆಯದು: ವಿದೇಶಿ ವಿನಿಮಯದ ವ್ಯತ್ಯಾಸ

ಒಬ್ಬ ಸಣ್ಣ ಉದ್ದಿಮೆದಾರರು ಫೆಬ್ರವರಿಯಲ್ಲಿ 10,000 ಡಾಲರ್ ಬೆಲೆಯ ಬಿಡಿಭಾಗಗಳನ್ನು ರಫ್ತು ಮಾಡಿದರೆಂದು ಭಾವಿಸೋಣ. ಅಂದಿನ ದರ ಡಾಲರಿಗೆ 82 ರೂಪಾಯಿ. ಮಾರ್ಚ್ 31ರಂದು 83 ರೂಪಾಯಿ. ಮೇ ತಿಂಗಳಲ್ಲಿ ಹಣ ಬಂದಾಗ 82 ರೂಪಾಯಿ 50 ಪೈಸೆ ಎಂದಿಟ್ಟುಕೊಳ್ಳೋಣ. ಲೆಕ್ಕಪತ್ರ ಮಾನದಂಡ 11ರ ಪ್ರಕಾರ ಲೆಕ್ಕ ಹೀಗಾಗುತ್ತದೆ:

1. ಫೆಬ್ರವರಿಯಲ್ಲಿ ಮಾರಾಟ 8,20,000 ರೂಪಾಯಿ.
2. ಮಾರ್ಚ್ 31ರಂದು ಬಾಕಿಯ ಮೊತ್ತ 8,30,000 ರೂಪಾಯಿ. 10,000 ರೂಪಾಯಿ ಆ ವರ್ಷದ ವಿನಿಮಯ ಲಾಭ.
3. ಮೇ ತಿಂಗಳಲ್ಲಿ ಕೈಸೇರಿದ್ದು 8,25,000 ರೂಪಾಯಿ. 5,000 ರೂಪಾಯಿ ಹೊಸ ವರ್ಷದ ವಿನಿಮಯ ನಷ್ಟ.

ಇದನ್ನು ಬಿಟ್ಟು ಹಣ ಬಂದ ದಿನ ಒಟ್ಟಾಗಿ 5,000 ರೂಪಾಯಿ ಲಾಭವೆಂದು ಬರೆದರೆ ಮೊತ್ತ ಹೊಂದಿಕೊಂಡರೂ ಎರಡೂ ವರ್ಷಗಳ ಲಾಭ ತಪ್ಪಾಗಿ ಕಾಣುತ್ತದೆ. ಆಮದುದಾರರೂ ಕೊಡಬೇಕಾದ ಡಾಲರ್ ಬಾಕಿಯನ್ನು ಹೀಗೆಯೇ ವರ್ಷಾಂತ್ಯದ ದರಕ್ಕೆ ತರಬೇಕು. ಆದರೆ ಆಮದು ಮಾಡಿಕೊಂಡು ಗೋದಾಮಿನಲ್ಲಿರುವ ಸರಕಿಗೆ ಮತ್ತು ಸಾಮಾನ್ಯವಾಗಿ ಸರಕಿಗಾಗಿ ಕೊಟ್ಟ ಮುಂಗಡಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಅವು ವ್ಯವಹಾರದ ದಿನದ ದರದಲ್ಲಿಯೇ ಉಳಿಯುತ್ತವೆ. ಈ ಸೂಕ್ಷ್ಮವನ್ನು ಅರಿತ ಪರಿಶೋಧಕರು ಇರುವೆಡೆ, ವ್ಯಾಪಾರದ ಲಾಭವೆಷ್ಟು, ಡಾಲರಿನ ಏರಿಳಿತದಿಂದ ಬಂದದ್ದೆಷ್ಟು ಎಂಬುದು ಬೇರೆ ಬೇರೆಯಾಗಿ ತಿಳಿಯುತ್ತದೆ. ಮುಂದಿನ ಆರ್ಡರಿಗೆ ಬೆಲೆ ನಿಗದಿಪಡಿಸುವಾಗ ಈ ತಿಳಿವಳಿಕೆಯೇ ಆಧಾರ.

ಮೂರನೆಯದು: ಸ್ವಾತಂತ್ರ್ಯ ಮತ್ತು ವಿಶ್ವಾಸಾರ್ಹತೆ

ಲೆಕ್ಕ ಬರೆದವರೇ ಲೆಕ್ಕ ಪರಿಶೋಧಿಸಬಾರದು ಎಂಬುದು ಅಂತರರಾಷ್ಟ್ರೀಯ ನೀತಿಸಂಹಿತೆಯ ಮೂಲತತ್ತ್ವಗಳಲ್ಲೊಂದು. ನಮ್ಮಲ್ಲಿ 2013ರ ಕಂಪನಿ ಕಾಯಿದೆಯ 144ನೆಯ ಕಲಮು, ಕಂಪನಿಯ ಪರಿಶೋಧಕರು ಅದೇ ಕಂಪನಿಯ ಲೆಕ್ಕ ಬರೆಯುವ ಸೇವೆ ನೀಡುವುದನ್ನು ನಿಷೇಧಿಸಿದೆ. "ಎಲ್ಲವನ್ನೂ ನೀವೇ ಮಾಡಿಬಿಡಿ" ಎಂದು ಕೇಳುವ ಪ್ರೈವೇಟ್ ಲಿಮಿಟೆಡ್ ಕಂಪನಿಗಳ ಮಾಲೀಕರು ಇದನ್ನು ನೆನಪಿಡಬೇಕು.

ಪರಿಶೋಧಕರು ಸಹಿ ಮಾಡಿದ ದಾಖಲೆಗೆ ಯುಡಿಐಎನ್ ಎಂಬ 18 ಅಂಕಾಕ್ಷರಗಳ ಗುರುತನ್ನು ನಮೂದಿಸುವ ಪದ್ಧತಿ ಹಂತಹಂತವಾಗಿ ಜಾರಿಯಾಗಿ, 2019ರ ಜುಲೈ 1ರಿಂದ ಎಲ್ಲ ಪರಿಶೋಧನಾ ಕಾರ್ಯಗಳಿಗೆ ಕಡ್ಡಾಯವಾಯಿತು. ಬ್ಯಾಂಕುಗಳು ಹಾಗೂ ಇತರರು ಈ ಗುರುತಿನಿಂದ ದಾಖಲೆ ನೈಜವೇ ಎಂದು ಪರಿಶೀಲಿಸಬಹುದು. ಮಧ್ಯವರ್ತಿಯೊಬ್ಬರು ತಂದುಕೊಟ್ಟ ಪ್ರಮಾಣಪತ್ರವನ್ನು ಕಣ್ಣುಮುಚ್ಚಿ ಬ್ಯಾಂಕಿಗೆ ಸಲ್ಲಿಸುವ ಮುನ್ನ ವರ್ತಕರೂ ಈ ಪರಿಶೀಲನೆ ಮಾಡಿಕೊಳ್ಳುವುದು ಕ್ಷೇಮ.

ಉದ್ದಿಮೆದಾರರು ಕೇಳಬೇಕಾದ ಪ್ರಶ್ನೆಗಳು

ವರ್ಷಕ್ಕೊಮ್ಮೆ, ಲೆಕ್ಕ ಮುಗಿಸುವ ಅವಸರವಿಲ್ಲದ ಸಮಯದಲ್ಲಿ, ತಮ್ಮ ಪರಿಶೋಧಕರೊಡನೆ ಕುಳಿತು ಈ ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು:

1. ಕಳೆದ ವರ್ಷದ ತರಬೇತಿಗಳಲ್ಲಿ ನಮ್ಮ ಉದ್ದಿಮೆಗೆ ಸಂಬಂಧಿಸಿದ ಹೊಸ ವಿಷಯಗಳಾವುವು?
2. ನಮ್ಮ ಡಾಲರ್ ಬಾಕಿಗಳನ್ನು ವರ್ಷಾಂತ್ಯದ ದರಕ್ಕೆ ತಂದಿದ್ದೇವೆಯೆ?
3. ಯಾವ ಬಾಕಿಗಳಿಗೆ ದೃಢೀಕರಣ ಬಂದಿಲ್ಲ, ಏಕೆ?
4. ದಾಸ್ತಾನಿನ ಎಣಿಕೆಯಲ್ಲಿ ಕಂಡ ಕೊರತೆ ಯಾವುದು?
5. ಮುಂದಿನ ವರ್ಷ ಜಾರಿಗೆ ಬರುವ ಯಾವ ಬದಲಾವಣೆಗೆ ಈಗಲೇ ಸಿದ್ಧರಾಗಬೇಕು?

ಶುಲ್ಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಪರಿಶೋಧಕರನ್ನು ಆಯ್ಕೆಮಾಡಿಕೊಳ್ಳುವವರು ಈ ಪ್ರಶ್ನೆಗಳಿಗೆ ದೊರೆಯುವ ಉತ್ತರವನ್ನೂ ತೂಗಿ ನೋಡಲಿ. ವರ್ತಕರ ಸಂಘಗಳೂ ಸ್ಥಳೀಯ ಶಾಖೆಗಳೊಡನೆ ಸೇರಿ, ಸದಸ್ಯರಿಗೆ ಅರ್ಥವಾಗುವ ಕನ್ನಡದಲ್ಲಿ ವರ್ಷಕ್ಕೆರಡು ಬಾರಿ ಇಂತಹ ವಿಚಾರಗೋಷ್ಠಿ ಏರ್ಪಡಿಸಬಹುದು. ಪರಿಶೋಧಕರು ಕಲಿತದ್ದು ಅವರ ಕಚೇರಿಯಲ್ಲಿಯೇ ಉಳಿದರೆ ಅದು ಅವರ ಅರ್ಹತೆಯಷ್ಟೇ. ವರ್ತಕರ ಅಂಗಡಿ, ಕಾರ್ಖಾನೆಗಳ ಲೆಕ್ಕಕ್ಕೆ ಇಳಿದಾಗ ಮಾತ್ರ ಅದು ವಾಣಿಜ್ಯದ ಬಂಡವಾಳವಾಗುತ್ತದೆ.