ಕಿಟಕಿಯಲ್ಲಿ ಜನ, ಮೇಜಿನ ಮೇಲೆ ಫೋನು

*ನನಗೆ 34 ವರ್ಷ. ತಾಲ್ಲೂಕು ಕಚೇರಿಯಲ್ಲಿ ನೌಕರಿ. ಮೊದಲು ರೆಕಾರ್ಡ್ ರೂಮಿನಲ್ಲಿದ್ದೆ. ಯಾವ ಊರಿನ ಕಡತ ಯಾವ ಕಟ್ಟಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಕಳೆದ ವರ್ಷ ಎಫ್‌ಡಿಎ ಬಡ್ತಿ ಕೊಟ್ಟು ಟಪಾಲು ಶಾಖೆಗೆ ಹಾಕಿದರು. ಇಲ್ಲಿ ಕಿಟಕಿಯಲ್ಲಿ ಜನ, ಮೇಜಿನ ಮೇಲೆ ಫೋನು, ಎದುರಿಗೆ ಕಂಪ್ಯೂಟರ್, ನಡುನಡುವೆ ಸಾಹೇಬರ ಬೆಲ್ಲು. ಅರ್ಜಿಗೆ ನಂಬರು ಹಾಕುವಾಗ ಯಾರಾದರೂ ಮಾತಾಡಿಸಿದರೆ ಎಲ್ಲಿದ್ದೆ ಎಂಬುದೇ ಮರೆಯುತ್ತದೆ. ಎರಡು ಅರ್ಜಿಗೆ ಒಂದೇ ನಂಬರು ಹಾಕಿದ್ದಕ್ಕೆ ಮೆಮೊ ಕೊಟ್ಟಿದ್ದಾರೆ.*

*ಮನೆಯಲ್ಲೂ ಇದೇ ಪಾಡು. ಅತ್ತೆಯ ಮಾತಿಗೆ ಕಿವಿಗೊಟ್ಟರೆ ಒಗ್ಗರಣೆ ಸೀಯುತ್ತದೆ. ಒಗ್ಗರಣೆ ನೋಡಿಕೊಂಡರೆ ಅವರು ಹೇಳಿದ್ದು ಕೇಳಿಸುವುದಿಲ್ಲ. ‘ಹೆಂಗಸರಿಗೆ ಇದೆಲ್ಲ ತಾನಾಗಿ ಬರುತ್ತೆ, ನಿನಗೇನಾಗಿದೆ?’ ಎನ್ನುತ್ತಾರೆ ಯಜಮಾನರು. ಮಗನಿಗೆ ಆಟಿಸಂ ಇದೆ ಎಂದು ಗೊತ್ತಾದ ಮೇಲೆ ನಾನೂ ತೋರಿಸಿಕೊಂಡೆ. ಮನೋವೈದ್ಯರು ನನಗೂ ಇದೆ ಎಂದರು. ಅಭ್ಯಾಸ ಮಾಡಿದರೆ ಸರಿಹೋಗುತ್ತದೆಯೇ? ಕಚೇರಿಯಲ್ಲಿ ಹೇಳಬಹುದೇ? ರಾಜೀನಾಮೆ ಕೊಟ್ಟುಬಿಡೋಣ ಎನ್ನಿಸುತ್ತಿದೆ.*

*— ಹೆಸರು ಬೇಡ, ಹಾಸನ ಜಿಲ್ಲೆ*

ಮೊದಲ ಪ್ರಶ್ನೆಗೆ ಸುತ್ತಿ ಬಳಸದೆ ಹೇಳುತ್ತೇನೆ: ನೀವು ಬಯಸುವ ರೀತಿಯಲ್ಲಿ ಸರಿಹೋಗುವುದಿಲ್ಲ. ಟಪಾಲು ಕೆಲಸ ಕೈಗೆ ಕೂತಂತೆಲ್ಲ ತಪ್ಪುಗಳು ಕಡಿಮೆಯಾಗುತ್ತವೆ, ಅದು ನಿಜ. ಆದರೆ ನಾಲ್ಕು ಕಡೆಯಿಂದ ಕರೆದರೆ ನಾಲ್ಕಕ್ಕೂ ಓಗೊಡುವ ಮನಸ್ಸು ಅಭ್ಯಾಸದಿಂದ ಬಂದೀತೆಂದು ನಿಮ್ಮನ್ನು ನೀವೇ ದಂಡಿಸಿಕೊಳ್ಳಬೇಡಿ. ಕೆಲಸಗಳು ಒಂದರ ಹಿಂದೆ ಒಂದಾಗಿ ನಿಮ್ಮ ಬಳಿ ಬರುವಂತೆ ಮಾಡಿಕೊಳ್ಳುವುದರಲ್ಲಿ ಶ್ರಮ ಹಾಕಿ. ಅದು ಆಗುವ ಕೆಲಸ.

ಒಟ್ಟೊಟ್ಟಿಗೆ ಹತ್ತು ಕೆಲಸ ಮಾಡುತ್ತೇನೆ ಎನ್ನುವವರು ಹೆಚ್ಚಾಗಿ ಮಾಡುವುದು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಿ, ಮತ್ತೆ ಹಿಂದಕ್ಕೆ ಬರುವುದನ್ನು. ಹೀಗೆ ಕೆಲಸ ಬದಲಿಸುವಾಗ ವೇಳೆ ವ್ಯರ್ಥವಾಗುತ್ತದೆಂದು ಅಮೆರಿಕದ ಮನೋವಿಜ್ಞಾನಿ ಆರ್ಥರ್ ಜೆರ್ಸಿಲ್ಡ್ 1927ರಲ್ಲೇ ತೋರಿಸಿದ್ದರು. ಆ ನಷ್ಟ ಎಲ್ಲರಿಗೂ ಇದೆ. ಆಟಿಸಂ ಇರುವ ಅನೇಕರಿಗೆ ಇನ್ನೂ ಹೆಚ್ಚು. ಏಕೆ ಎಂಬುದಕ್ಕೆ ಬ್ರಿಟನ್ನಿನ ಡೈನಾ ಮರ್ರೆ ಮತ್ತು ಜೊತೆಗಾರರು 2005ರಲ್ಲಿ ಒಂದು ವಿವರಣೆ ಮುಂದಿಟ್ಟರು. ಮೊನೊಟ್ರೋಪಿಸಂ ಎಂದು ಅದರ ಹೆಸರು. ಗಮನಕ್ಕೆ ಎಲ್ಲರಲ್ಲೂ ಮಿತಿಯಿದೆ. ಹೆಚ್ಚಿನವರಲ್ಲಿ ಅದು ಹಲವು ಕಡೆ ತೆಳ್ಳಗೆ ಹಂಚಿಹೋದರೆ, ಆಟಿಸಂ ಇರುವವರಲ್ಲಿ ಒಂದೆರಡು ಕಡೆ ದಟ್ಟವಾಗಿ ನಿಲ್ಲುತ್ತದೆ ಎನ್ನುವುದು ಅದರ ತಿರುಳು. ಆ ಪ್ರಬಂಧ ಬರೆದವರಲ್ಲಿ ಸ್ವತಃ ಆಟಿಸಂ ಇದ್ದವರೂ ಇದ್ದರು. ಎಲ್ಲ ತಜ್ಞರೂ ಇದನ್ನು ಪೂರ್ತಿ ಒಪ್ಪಿಲ್ಲವಾದರೂ ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಇದೇ. ಕಣ್ಣು ಮುಚ್ಚಿಕೊಂಡು ಕಡತ ಹೇಳುತ್ತಿದ್ದ ಮನಸ್ಸೇ ಇಂದು ಟಪಾಲು ಕಿಟಕಿಯಲ್ಲಿ ತಡವರಿಸುತ್ತಿದೆ. ಅದಕ್ಕೆ ಹೊಸದಾಗಿ ಏನೂ ಆಗಿಲ್ಲ, ಕೂರಿಸಿದ ಜಾಗ ಬದಲಾಗಿದೆ.

ಆ ಜಾಗದಲ್ಲಿ ಎಷ್ಟು ಕೆಲಸವಿದೆ ಎಂದು ನೀವೂ ಪೂರ್ತಿ ಲೆಕ್ಕ ಹಾಕಿರಲಿಕ್ಕಿಲ್ಲ. ಅರ್ಜಿ ತಂದವರ ಮಾತು ಕೇಳಬೇಕು. ಅವರ ಮುಖ ನೋಡಬೇಕು. ಮುಖ ನೋಡುತ್ತ ಮಾತು ಕೇಳುವುದೇ ಆಟಿಸಂ ಇರುವ ಹಲವರಿಗೆ ಎರಡು ಪ್ರತ್ಯೇಕ ಕೆಲಸ. ಅವರ ದನಿಯಲ್ಲಿ ಸಿಟ್ಟಿದೆಯೋ ಅವಸರವಿದೆಯೋ ಅಳೆಯಬೇಕು. ಫ್ಯಾನಿನ ಕಟಕಟ, ಹಿಂದಿನ ಸಾಲಿನ ಗಲಾಟೆ ತಡೆದುಕೊಳ್ಳಬೇಕು. ಇವೆಲ್ಲ ಆದ ಮೇಲೆ ನಂಬರು, ದಿನಾಂಕ, ಸ್ವೀಕೃತಿ. ಮೇಲಧಿಕಾರಿಯ ಕಣ್ಣಿಗೆ ಕಾಣುವುದು ಈ ಕೊನೆಯ ಮೂರು ಮಾತ್ರ.

ಅಷ್ಟಾವಧಾನ ನೋಡಿದ್ದೀರಲ್ಲ? ಅವಧಾನಿಯನ್ನು ಪ್ರಶ್ನಿಸುವ ಎಂಟು ಪೃಚ್ಛಕರಲ್ಲಿ ಅಪ್ರಸ್ತುತ ಪ್ರಸಂಗಿ ಎಂಬೊಬ್ಬರಿರುತ್ತಾರೆ. ಸಂಬಂಧವಿಲ್ಲದ ಮಾತು ತೆಗೆದು ಅವಧಾನಿಯ ಏಕಾಗ್ರತೆ ಕೆಡಿಸುವುದೇ ಅವರ ಪಾತ್ರ. ಅದನ್ನು ತಡೆದುಕೊಂಡ ಅವಧಾನಿಗೆ ನಾವು ಚಪ್ಪಾಳೆ ತಟ್ಟುವುದು ಅದು ಅಪರೂಪದ ವಿದ್ಯೆ ಎಂಬ ಕಾರಣಕ್ಕೆ. ಅಲ್ಲೂ ಉಳಿದ ಪೃಚ್ಛಕರು ಸರದಿಯಲ್ಲೇ ಕೇಳುತ್ತಾರೆ, ಪದ್ಯ ಸುತ್ತಿಗೊಂದು ಪಾದದಂತೆ ಬೆಳೆಯುತ್ತದೆ. ನಮ್ಮ ಕಚೇರಿಗಳಲ್ಲಿ ಸರದಿ ಇಲ್ಲ, ಅಪ್ರಸ್ತುತ ಪ್ರಸಂಗಿಗಳಿಗಂತೂ ಬರವೇ ಇಲ್ಲ.

ಹಾಗಾದರೆ ಏನು ಕೇಳಬೇಕು? ಕೆಲಸ ಕಡಿಮೆ ಮಾಡಿ ಎಂದು ಕೇಳಬೇಡಿ, ಅದು ನಿಮಗೆ ಬೇಕಾದದ್ದೂ ಅಲ್ಲ. ಸರದಿ ಕೇಳಿ. ಅರ್ಜಿ ತೆಗೆದುಕೊಳ್ಳುವ ಹೊತ್ತು ಬೇರೆ, ಅಂಚೆಯಲ್ಲಿ ಬಂದ ಟಪಾಲನ್ನು ದಾಖಲು ಮಾಡುವ ಹೊತ್ತು ಬೇರೆ ಎಂದು ದಿನವನ್ನು ಭಾಗ ಮಾಡಿಸಿಕೊಳ್ಳಿ. ಕಿಟಕಿ ತೆರೆದಿರುವಷ್ಟು ಹೊತ್ತು ಫೋನು ಪಕ್ಕದ ಮೇಜಿನಲ್ಲಿರಲಿ. ಬದಲಿಗೆ ಆ ಸಹೋದ್ಯೋಗಿಗೆ ಬೇಸರ ತರಿಸುವ ಒಂದು ಕೆಲಸ, ಹಳೆಯ ಕಡತ ಹುಡುಕುವುದೋ ತಿಂಗಳ ತಖ್ತೆ ತಯಾರಿಸುವುದೋ, ನೀವು ವಹಿಸಿಕೊಳ್ಳಿ. ಇಂಥ ಕೊಡುಕೊಳ್ಳುವಿಕೆ ಆದೇಶಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಸಾಹೇಬರು ಬಾಯಲ್ಲಿ ಹೇಳಿದ್ದನ್ನು ಅವರೆದುರೇ ಚೀಟಿಯಲ್ಲಿ ಬರೆದು ಒಮ್ಮೆ ಓದಿ ಹೇಳಿ. ಅರ್ಜಿ ಕೈಗೆ ಬಂದ ತಕ್ಷಣ, ಯಾರು ಕರೆದರೂ ಸರಿ, ಮೊದಲು ನಂಬರು ಹಾಕಿ ಮುಗಿಸಿ. ‘ಒಂದು ನಿಮಿಷ, ನಂಬರು ಹಾಕಿ ಬಂದೆ’ ಎನ್ನುವ ಮಾತನ್ನು ಬಾಯಿಪಾಠ ಮಾಡಿಕೊಳ್ಳಿ. ಬೆಲ್ಲಾದರೆ ಏಳುವ ಮುನ್ನ ನಿಲ್ಲಿಸಿದ ಸಾಲಿನ ಮೇಲೆ ಅಡಿಪಟ್ಟಿ ಇಟ್ಟು ಏಳಿ. ಬಂದ ಮೇಲೆ ಎಲ್ಲಿದ್ದೆ ಎಂದು ತಲೆಯಲ್ಲಿ ಹುಡುಕುವುದು ತಪ್ಪುತ್ತದೆ.

ಕಚೇರಿಯಲ್ಲಿ ಹೇಳಬಹುದೇ ಎಂದು ಕೇಳಿದ್ದೀರಿ. ಮೇಲಿನವುಗಳಲ್ಲಿ ಅರ್ಧದಷ್ಟನ್ನು ಆಟಿಸಂ ಎಂಬ ಹೆಸರೆತ್ತದೆಯೇ ಕೇಳಬಹುದು, ಮೊದಲು ಅಷ್ಟು ಕೇಳಿ ನೋಡಿ. ಆದರೆ ಮೆಮೊ ಬಂದಿರುವುದರಿಂದ ಕಾಗದದ ಬಲವೂ ಇರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಆಟಿಸಂ ಇದೆ. ಸರ್ಕಾರಿ ಕಚೇರಿ ಇಂಥ ನೌಕರರಿಗೆ ಕೆಲಸದಲ್ಲಿ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕೆಂದು ಅದರ 20ನೇ ಕಲಂ ಹೇಳುತ್ತದೆ. ವೈಕಲ್ಯ ಶೇ 40ಕ್ಕಿಂತ ಕಡಿಮೆ ಎಂದು ವೈದ್ಯರು ಬರೆದುಕೊಟ್ಟರೆ ಏನೂ ಸಿಗುವುದಿಲ್ಲ ಎಂದು ಯಾರಾದರೂ ಹೆದರಿಸಿಯಾರು. ಮೀಸಲಾತಿಯಂಥ ಸೌಲಭ್ಯಗಳಿಗೆ ಆ ಮಿತಿ ಉಂಟು. ಹೊಂದಾಣಿಕೆ ಕೇಳುವ ಹಕ್ಕಿಗೆ ಅದು ಅಡ್ಡಬರುವುದಿಲ್ಲ. ಪರೀಕ್ಷೆಗೆ ಬರಹಗಾರರನ್ನು ಕೇಳಿದ್ದ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಮನೋವೈದ್ಯರ ವರದಿ ಇಟ್ಟುಕೊಂಡು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಇಡೀ ಕಚೇರಿಗೆ ಸಾರುವ ಅಗತ್ಯವಿಲ್ಲ. ತಹಶೀಲ್ದಾರರಿಗೂ ಶಿರಸ್ತೇದಾರರಿಗೂ ಗೊತ್ತಿದ್ದರೆ ಸಾಕು. ಎಲ್ಲರಿಗೂ ತಿಳಿದರೆ ನಿಮ್ಮ ಬೆನ್ನ ಹಿಂದೆ ಒಂದಷ್ಟು ದಿನ ಅದೇ ಮಾತಾಗುತ್ತದೆ. ಅದನ್ನು ಈಗಲೇ ಹೊರಬೇಕೋ ಬೇಡವೋ, ನಿರ್ಧಾರ ನಿಮ್ಮದು.

ಇನ್ನು ಮನೆ. ನಿಮ್ಮ ಯಜಮಾನರ ಮಾತನ್ನು ನಾನು ಒಪ್ಪುವುದಿಲ್ಲ. ಒಲೆ, ಮಗು, ಅತ್ತೆಯ ಮಾತ್ರೆ, ಹಾಲಿನವನ ಲೆಕ್ಕ ಇವನ್ನೆಲ್ಲ ಒಂದೇ ತಲೆಯಲ್ಲಿ ಹೊರುವ ಶಕ್ತಿಯನ್ನು ಹೆಣ್ಣು ಹುಟ್ಟುವಾಗ ತರುವುದಿಲ್ಲ. ಎಲ್ಲವೂ ಅವಳ ಮೇಲೆ ಬಿದ್ದದ್ದರಿಂದ ಹೊರುತ್ತಾಳೆ, ಹೊರಲಾಗದವಳು ಸೋಮಾರಿ ಎನ್ನಿಸಿಕೊಳ್ಳುತ್ತಾಳೆ. ಹಾಗೆ ಎನ್ನಿಸಿಕೊಳ್ಳಬಾರದೆಂದು ಬೇರೆಯವರನ್ನು ನೋಡಿ ನೋಡಿ ಅವರಂತೆ ನಡೆದುಕೊಳ್ಳುವುದನ್ನು ಕಲಿಯುವ ಹುಡುಗಿಯರಿದ್ದಾರೆ. ಆಟಿಸಂ ಇರುವ ಅನೇಕ ಹೆಂಗಸರಿಗೆ ಅದು ಗೊತ್ತಾಗುವುದೇ ಮೂವತ್ತು ನಲವತ್ತು ದಾಟಿದ ಮೇಲೆ, ಎಷ್ಟೋ ಸಲ ನಿಮ್ಮ ಹಾಗೆ ಮಗುವಿನ ಮೂಲಕ. ಮಗನಿಗೆ ಏನು ಬೇಕೆಂದು ನಿಮ್ಮ ಯಜಮಾನರು ಈಗಾಗಲೇ ಕಲಿಯುತ್ತಿದ್ದಾರಲ್ಲ? ಅವನಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಬೇಕೆಂದು ಅವರಿಗೆ ಅರ್ಥವಾಗಿದ್ದರೆ ನಿಮ್ಮ ವಿಷಯಕ್ಕೆ ಹೊಸ ಪಾಠ ಬೇಕಿಲ್ಲ.

ಅತ್ತೆ ಪಾಪ, ಮಾತಿಗೆ ಒಂದು ಜೀವ ಸಿಕ್ಕಿತೆಂದು ಅಡುಗೆಮನೆಗೆ ಬರುತ್ತಿರಬಹುದು. ‘ಅತ್ತೆ, ಒಲೆ ಹಚ್ಚಿದಾಗ ನಿಮ್ಮ ಮಾತು ನನ್ನ ತಲೆಗೆ ಹೋಗುವುದಿಲ್ಲ, ಕಾಫಿಗೆ ಕೂತಾಗ ಹೇಳಿ’ ಎಂದು ಕೇಳಿ, ಕೂತಾಗ ನಿಜವಾಗಿ ಕೂತು ಕೇಳಿ. ಹೆಚ್ಚುವುದು, ತೊಳೆಯುವುದು, ಸಾಸಿವೆ ಕರಿಬೇವು ತೆಗೆದಿಡುವುದು ಎಲ್ಲ ಮುಗಿದ ಮೇಲೆಯೇ ಒಲೆ ಹಚ್ಚಿ. ಕುಕ್ಕರಿನ ಸೀಟಿ ಎಣಿಸುವುದೂ ಒಂದು ಕೆಲಸ; ಫೋನಿನಲ್ಲಿ ಟೈಮರ್ ಇಟ್ಟು ಅದನ್ನು ತಲೆಯಿಂದ ಇಳಿಸಿ. ಕಚೇರಿಯಿಂದ ಬಂದ ಮೇಲೆ ಅರ್ಧ ಗಂಟೆ ಯಾರೂ ಮಾತಾಡಿಸದ ಹಾಗೆ ಒಂದು ಕೋಣೆ ಬೇಕು. ಇದು ಸುಖಕ್ಕಾಗಿ ಕೇಳುವುದಲ್ಲ, ರಾತ್ರಿ ಮಗನ ಜೊತೆ ಕೂರುವಷ್ಟು ಶಕ್ತಿ ಉಳಿಯಬೇಕಲ್ಲ.

ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಕೂಡ ಇದೆಯೇ ನೋಡಿ ಎಂದು ಕೇಳಿ. ಎರಡೂ ಒಬ್ಬರಲ್ಲೇ ಇರಬಹುದೆಂದು ಅಮೆರಿಕದ ಮನೋವೈದ್ಯರ ಕೈಪಿಡಿ ಒಪ್ಪಿದ್ದೇ 2013ರಲ್ಲಿ. ಇದ್ದರೆ ಅದಕ್ಕೆ ಔಷಧಿಯುಂಟು. ನಿದ್ದೆ, ಥೈರಾಯ್ಡ್, ಖಿನ್ನತೆ ಇವನ್ನೂ ನೋಡಲಿ. ದಣಿದ ಮನಸ್ಸು ಇನ್ನಷ್ಟು ತಡವರಿಸುತ್ತದೆ. ರಾತ್ರಿ ಹೊತ್ತು ತೀರಾ ಸೋತಂತೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ರಾಜೀನಾಮೆ ಸದ್ಯಕ್ಕೆ ಬೇಡ. ಅದಕ್ಕಿಂತ ಸಣ್ಣ ಕಾಗದ ಒಂದಿದೆ, ಅದನ್ನು ಬರೆಯಿರಿ. ಬಡ್ತಿ ಬಿಡಬೇಕಿಲ್ಲ, ಶಾಖೆ ಬದಲಿಸಿ ಎಂದು ಕೇಳಬಹುದು. ರೆಕಾರ್ಡ್ ರೂಮಿನಲ್ಲಿ ಮಾಡಿದ ಕೆಲಸವನ್ನು ಮೊದಲ ಸಾಲಿನಲ್ಲೇ ಹೇಳಿ. ವೈದ್ಯಕೀಯ ವರದಿ ಲಗತ್ತಿಸಿ 20ನೇ ಕಲಂ ಉಲ್ಲೇಖಿಸಿ. ‘ಅಭಿಲೇಖಾಲಯ ಅಥವಾ ಸಾರ್ವಜನಿಕರ ನೇರ ಸಂಪರ್ಕವಿಲ್ಲದ ಶಾಖೆಗೆ ನಿಯೋಜಿಸಲು, ಅಲ್ಲಿಯವರೆಗೆ ಟಪಾಲು ಸ್ವೀಕೃತಿಯ ವೇಳೆ ದೂರವಾಣಿ ಕರ್ತವ್ಯದಿಂದ ಬಿಡುಗಡೆಗೊಳಿಸಲು ಕೋರಿದೆ’ ಎಂದು ಮುಗಿಸಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ನಿಮ್ಮ ಮೇಜಿನಲ್ಲೇ ಇದ್ದರೂ ಹಾಕುವುದು ಬೇರೆಯವರಾಗಿರಲಿ.