ಹಡಗು ಹತ್ತಲಿರುವ ಪುಟ್ಟನಿಗೆ

ಉಡುಪಿ

ಪ್ರೀತಿಯ ಪುಟ್ಟ,

ಕೆರಿಬಿಯನ್ ಕ್ರೂಸ್ ಹೇಗಿತ್ತು ದೊಡ್ಡಮ್ಮ ಅಂತ ಮದುವೆ ಮನೆಯಲ್ಲಿ ನೀನು ಕೇಳಿದಾಗ, ಎಲ್ಲರಿಗೂ ಹೇಳಿದ ಹಾಗೆ ನಿನಗೂ "ಚೆಂದ ಇತ್ತು ಮಾರಾಯ" ಅಂದುಬಿಟ್ಟೆ. ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ ನೀನು ಅಂಥದೇ ಹಡಗಿಗೆ ಅಸಿಸ್ಟೆಂಟ್ ವೇಟರ್ ಆಗಿ ಸೇರಲು ಇಂಟರ್‌ವ್ಯೂ ಕೊಟ್ಟಿದ್ದೀ ಅಂತ ಆಮೇಲೆ ಗೊತ್ತಾಯಿತು. ಹಾಗಾದರೆ ನಿನಗೆ ಹೇಳಬೇಕಾದದ್ದು ಬೇರೆಯೇ ಉಂಟು. ನಾನು ಟಿಕೆಟ್ ಕೊಂಡವರ ಕಡೆಯಿಂದ ನೋಡಿದೆ, ನೀನು ತಟ್ಟೆ ಹಿಡಿದವರ ಕಡೆಯಿಂದ ನೋಡಲಿದ್ದೀ. ಅಲ್ಲಿ ಕೂತು ಉಣ್ಣುವವರ ತಲೆಯಲ್ಲಿ ಏನಿರುತ್ತದೆ ಅಂತ ಮೊದಲೇ ತಿಳಿದಿದ್ದರೆ ನಿನಗೆ ಒಳ್ಳೆಯದು.

ನಾವು ಹತ್ತಿದ್ದು ಮಯಾಮಿಯಲ್ಲಿ. ಮಗಳು, ಅಳಿಯ, ಮೊಮ್ಮಗಳು, ನಾವಿಬ್ಬರು. ಜಗತ್ತಿನ ಕ್ರೂಸ್ ರಾಜಧಾನಿ ಅಂತಲೇ ಆ ಬಂದರಿಗೆ ಹೆಸರು. ದೂರದಿಂದ ಕಂಡ ಬಿಳಿ ಕಟ್ಟಡಗಳ ಸಾಲನ್ನು ದೊಡ್ಡಪ್ಪ ಯಾವುದೋ ಅಪಾರ್ಟ್‌ಮೆಂಟ್ ಅಂದುಕೊಂಡಿದ್ದರು, ಹತ್ತಿರ ಹೋದರೆ ಎಲ್ಲವೂ ಹಡಗು. ಟೈಟಾನಿಕ್‌ನ ಉದ್ದ 269 ಮೀಟರ್ ಅಂತ ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳಿ ಬಾಯಿ ಕಳೆಸುತ್ತಿದ್ದೆ. 2024ರಲ್ಲಿ ಇದೇ ಮಯಾಮಿಯಿಂದ ಓಡಾಟ ಶುರುಮಾಡಿದ 'ಐಕಾನ್ ಆಫ್ ದ ಸೀಸ್' 365 ಮೀಟರ್. 20 ಡೆಕ್ಕು, ತುಂಬಿ ತುಳುಕಿದರೆ 7,600 ಪ್ರಯಾಣಿಕರು, ಅವರನ್ನು ನೋಡಿಕೊಳ್ಳಲು 2,350 ಸಿಬ್ಬಂದಿ. ನಮ್ಮದು ಅಷ್ಟು ದೊಡ್ಡದಲ್ಲ. ಆದರೂ ನಮ್ಮ ಕ್ಯಾಬಿನ್ ಲಿಫ್ಟಿನಿಂದ ಎಡಕ್ಕೋ ಬಲಕ್ಕೋ ಅಂತ ಕೊನೆಯ ತನಕ ನನಗೆ ಮೊಮ್ಮಗಳೇ ತೋರಿಸಬೇಕಾಯಿತು.

ಹಡಗಿನ ಹಿಂಭಾಗದಲ್ಲಿ, ಹೆಸರಿನ ಕೆಳಗೆ 'ನಸ್ಸಾವ್' ಅಂತ ಬರೆದಿತ್ತು. ಕಂಪೆನಿ ಅಮೆರಿಕದ್ದು, ಬಾವುಟ ಬಹಾಮಾಸ್‌ನದ್ದು. ತೆರಿಗೆಗೂ ಕೂಲಿ ಕಾನೂನಿಗೂ ಅನುಕೂಲ ಅಂತ ಬಹಳಷ್ಟು ಕ್ರೂಸ್ ಹಡಗುಗಳು ಬಹಾಮಾಸ್, ಪನಾಮಾ, ಮಾಲ್ಟಾ ಮುಂತಾದ ಕಡೆ ನೋಂದಣಿ ಆಗಿರುತ್ತವೆ. ಇಂಥ ಪರದೇಶಿ ಬಾವುಟದ ಹಡಗು ಮಯಾಮಿಯಲ್ಲಿ ಜನ ಹತ್ತಿಸಿಕೊಂಡು ಸುತ್ತಾಡಿಸಿ ಅಲ್ಲೇ ಇಳಿಸಬೇಕಾದರೆ ನಡುವೆ ಒಂದಾದರೂ ಬೇರೆ ದೇಶದ ಬಂದರು ಮುಟ್ಟಲೇಬೇಕು. ಅಮೆರಿಕದವರು 1886ರಲ್ಲಿ ಮಾಡಿದ ಕಾನೂನು ಅದು. ನಮ್ಮಂಥವರ ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು ಅನ್ನುವುದೂ ಇದಕ್ಕೇ, ಅಮೆರಿಕ ಬಿಟ್ಟು ಹೋಗಿ ಮತ್ತೆ ಒಳಗೆ ಬಂದ ಲೆಕ್ಕ. ನಿನಗೆ ಇದು ಯಾಕೆ ಬೇಕು ಅಂದರೆ, ನಿನ್ನ ಸಂಬಳ ಡಾಲರಿನಲ್ಲಿ ಬಂದರೂ ಹಡಗಿನ ಮೇಲೆ ನಿನಗೆ ಅನ್ವಯಿಸುವ ಕಾನೂನು ಆ ಬಾವುಟದ್ದು.

ಹಗ್ಗ ಬಿಚ್ಚುವ ಮೊದಲೇ ಎಲ್ಲರಿಗೂ ಸುರಕ್ಷತೆಯ ಡ್ರಿಲ್. ಏಳು ಸಲ ಗಿಡ್ಡವಾಗಿ, ಒಂದು ಸಲ ಉದ್ದಕ್ಕೆ ಹಾರ್ನ್ ಆದರೆ ಯಾವ ಜಾಗಕ್ಕೆ ಬಂದು ನಿಲ್ಲಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಅನ್ನುವುದು. ಪ್ರಯಾಣಿಕರಲ್ಲಿ ಅರ್ಧ ಜನಕ್ಕೆ ಬಾರು ಯಾವಾಗ ತೆರೆಯುತ್ತದೆ ಅನ್ನುವ ಚಿಂತೆ. 2012ರ ಜನವರಿಯಲ್ಲಿ ಇಟಲಿಯ ಜಿಲ್ಯೋ ದ್ವೀಪದ ಬಳಿ ಕೋಸ್ಟಾ ಕಾನ್ಕಾರ್ಡಿಯಾ ಬಂಡೆಗೆ ಬಡಿದು 32 ಮಂದಿ ಸತ್ತರಲ್ಲ, ಅವತ್ತು ಸಂಜೆ ಹತ್ತಿದ್ದ ನೂರಾರು ಜನಕ್ಕೆ ಈ ಡ್ರಿಲ್ ಇನ್ನೂ ಆಗಿರಲೇ ಇಲ್ಲ. ಹೊರಡುವ ಮುನ್ನವೇ ಅಥವಾ ಹೊರಟ ಕೂಡಲೇ ಆಗಬೇಕು ಅನ್ನುವ ನಿಯಮ ಬಂದದ್ದು ಅದರ ನಂತರ. ನಮಗೆ ಜಾಕೆಟ್ ತೋರಿಸಿ ಬಾಯಿಪಾಠ ಒಪ್ಪಿಸಿದ ಹುಡುಗನೇ ಆ ರಾತ್ರಿ ನಮ್ಮ ಟೇಬಲ್ಲಿಗೆ ಬ್ರೆಡ್ಡಿನ ಬುಟ್ಟಿ ತಂದಿಟ್ಟ. ಮುಂದೆ ನೀನೂ ಅಷ್ಟೇ, ಹೊತ್ತು ಬಂದರೆ ಲೈಫ್‌ಬೋಟಿನವನು. ಆ ತರಬೇತಿಯಲ್ಲಿ ಮಾತ್ರ ಆಕಳಿಸಬೇಡ.

ಮೊದಲ ರಾತ್ರಿ ನನಗೆ ಹೊಟ್ಟೆ ತೊಳಸಿತು. ಹಡಗಿನ ಎರಡು ಪಕ್ಕೆಗಳಲ್ಲೂ ನೀರಿನೊಳಗೆ ರೆಕ್ಕೆಯಂಥವು ಇರುತ್ತವೆ, ಅವು ಓಲಾಟ ತಗ್ಗಿಸುತ್ತವೆ, ಪೂರಾ ನಿಲ್ಲಿಸುವುದಿಲ್ಲ. ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಭಾಗದಲ್ಲಿ ಮಲಗಿದವರಿಗೆ ಓಲಾಟ ಕಡಿಮೆ. ಮೇಲಿನ ಬಾಲ್ಕನಿಗೆ ಹೆಚ್ಚು ದುಡ್ಡು ಕೊಟ್ಟ ನಾವು ಹೆಚ್ಚು ಓಲಾಡಿದೆವು. ಶುಂಠಿ ಚೂರು ಬಾಯಲ್ಲಿಟ್ಟುಕೊಂಡು ಬೆಳಗು ಮಾಡಿದೆ. ಮರುದಿನ ಇಡೀ ಸಮುದ್ರದ ಮೇಲೆ, ಕ್ಯೂಬಾವನ್ನು ಬಳಸಿಕೊಂಡು ಜಮೈಕಾದ ಕಡೆಗೆ. ಈಜುಕೊಳದ ಸುತ್ತ ಜನ, ಗದ್ದಲ, ಬಿಂಗೋ, ಫೋಟೋ ತೆಗೆಸಿಕೊಳ್ಳಿ, ಮಸಾಜು ಮಾಡಿಸಿಕೊಳ್ಳಿ ಅನ್ನುವ ಮಾರಾಟ. ಟಿಕೆಟ್ಟಿನಲ್ಲಿ ಊಟ ಸೇರಿದೆ ನಿಜ; ಮದ್ಯ, ಇಂಟರ್ನೆಟ್, ಫೋಟೋ, ದ್ವೀಪದ ಟೂರು ಎಲ್ಲಕ್ಕೂ ಬೇರೆ ದುಡ್ಡು. ಇದರ ಬಗ್ಗೆ ನನಗೆ ದೊಡ್ಡ ಆಕ್ಷೇಪ ಇಲ್ಲ, ಜಾತ್ರೆಗೆ ಹೋದ ಮೇಲೆ ಅಂಗಡಿ ಇದೆ ಅಂತ ದೂರಿದರೆ ಆದೀತೇ.

ಈಗ ಆ ಬ್ರೆಡ್ಡಿನ ಹುಡುಗನ ವಿಷಯ. ಅಲ್ಲಿ ಎಲ್ಲರ ಎದೆಯ ಮೇಲೂ ಹೆಸರಿನ ಪಟ್ಟಿ, ಅದರ ಕೆಳಗೆ ದೇಶದ ಹೆಸರು. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಜಮೈಕಾ, ಇಂಡಿಯಾ. ನಾವು ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಸ್ಯಾಹಾರ ಅಂತ ಹೇಳಿದ್ದನ್ನು ಅವನು ಹಿಂದಿಯಲ್ಲಿ ಬರೆದುಕೊಂಡು ಹೋದ. ಹೋಗುವಾಗ ಪಕ್ಕದ ಟೇಬಲ್ಲಿನವನಿಗೆ ತುಳುವಿನಲ್ಲಿ ಏನೋ ಅಂದ! ನಾನು ಊರು ಯಾವುದು ಮಗ ಅಂತ ತುಳುವಿನಲ್ಲೇ ಕೇಳಿದೆ. ಕಾರ್ಕಳದ ಕಡೆಯವನು. ಮಾರನೇ ರಾತ್ರಿಯಿಂದ ಕೇಳದೆಯೇ ನಮ್ಮ ಟೇಬಲ್ಲಿಗೆ ದಾಲ್ ಬಂತು, ಅನ್ನ ಬಂತು, ದೊಡ್ಡಪ್ಪನಿಗೆ ಒಂದು ಬಟ್ಟಲು ಮೊಸರು ಬಂತು. ಎಡ ಮೊಣಕೈಯಿಂದ ಮಣಿಕಟ್ಟಿನ ತನಕ ನಾಲ್ಕು ಬಿಸಿ ತಟ್ಟೆ ಜೋಡಿಸಿಕೊಂಡು, ಹಡಗು ಓಲಿದಾಗ ಮೊಣಕಾಲು ಒಂದಿಷ್ಟೇ ಬಗ್ಗಿಸಿ, ಒಂದು ತೊಟ್ಟು ಚೆಲ್ಲದೆ ಬರುತ್ತಿದ್ದ. ಮೊಣಕೈಯ ಒಳಗೆ ಹಳೆಯ ಸುಟ್ಟ ಕಲೆಗಳು, ಒಂದರ ಮೇಲೊಂದು.

"ರಜೆ ಯಾವಾಗ ನಿನಗೆ?" ಅಂತ ಕೇಳಿದ್ದಕ್ಕೆ ನಕ್ಕ. "ಶಿಪ್ಪಿನಲ್ಲಿ ರಜೆ ಅಂತ ಇಲ್ಲ ಅಮ್ಮ, ಬ್ರೇಕ್ ಮಾತ್ರ ಉಂಟು." ಕಾಂಟ್ರಾಕ್ಟ್ ಮುಗಿಯುವ ತನಕ, ಆರೆಂಟು ತಿಂಗಳು, ಭಾನುವಾರವೂ ಇಲ್ಲ ಹಬ್ಬವೂ ಇಲ್ಲ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ಆ ದಿನದ ವಿಶ್ರಾಂತಿಯನ್ನು ಎರಡು ತುಂಡು ಮಾಡಬಹುದು, ಒಂದು ತುಂಡು 6 ಗಂಟೆಯದ್ದಾದರೂ ಇರಬೇಕು. ಹಾಗಾಗಿ ಬೆಳಗಿನ ತಿಂಡಿಗೆ ಹಾಜರು, ಮಧ್ಯಾಹ್ನ ಒಂದಿಷ್ಟು ನಿದ್ದೆ, ಮತ್ತೆ ರಾತ್ರಿ ಊಟಕ್ಕೆ ಇಸ್ತ್ರಿ ಮಾಡಿದ ಕೋಟು. ಮಲಗುವುದು ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿ ಇಲ್ಲದ ಕೋಣೆಯಲ್ಲಿ, ಮೇಲೊಂದು ಕೆಳಗೊಂದು ಬಂಕು. ಒಂದು ಸಲ 'ಸಿಬ್ಬಂದಿಗೆ ಮಾತ್ರ' ಅಂತ ಬರೆದ ಬಾಗಿಲು ತೆರೆದಾಗ ನಾನು ಎದುರಿಗೇ ಇದ್ದೆ. ಈಚೆ ಕಡೆ ಕಾರ್ಪೆಟ್ಟು, ಗೋಡೆಗೆ ಚಿತ್ರ, ತೆಳು ಸಂಗೀತ. ಆಚೆ ಬಿಳಿ ಬಣ್ಣ ಬಳಿದ ಕಬ್ಬಿಣದ ಗೋಡೆ, ಟ್ಯೂಬ್‌ಲೈಟು, ತಳ್ಳುಗಾಡಿಯಲ್ಲಿ ಒಗೆಯಲು ಹೊರಟ ಟವೆಲ್ಲಿನ ರಾಶಿ. ಬಾಗಿಲು ದಾಟಿ ಈಚೆ ಬಂದ ಹುಡುಗಿಯ ಮುಖದಲ್ಲಿ ಹೊಸ್ತಿಲ ಮೇಲೆಯೇ ನಗು ಬಂದು ಕೂತಿತು. ಆ ನಗುವೂ ಕೆಲಸದ ಭಾಗ, ಪುಟ್ಟ. ಬೆಳಗ್ಗೆ ಎದ್ದು ತಲೆನೋವಿದ್ದರೂ ಬರಬೇಕು. ನಿನಗೆ ಬರುತ್ತದಾ? ನಿನ್ನ ಮೂತಿ ಉಬ್ಬಿಸುವ ಅಭ್ಯಾಸ ನನಗೆ ಗೊತ್ತಲ್ಲ.

ಜಮೈಕಾದಲ್ಲಿ ಇಳಿದದ್ದು ಫಾಲ್ಮತ್ ಬಂದರಿನಲ್ಲಿ. ದೊಡ್ಡ ಹಡಗುಗಳಿಗಾಗಿಯೇ 2011ರಲ್ಲಿ ತೆರೆದ ಕಟ್ಟೆ ಅದು. ಕಟ್ಟೆಯ ಬೇಲಿಯೊಳಗೆ ವಜ್ರದ ಅಂಗಡಿ, ರಮ್ಮಿನ ಅಂಗಡಿ. ಬಹಳ ಜನ ಅಷ್ಟಕ್ಕೇ ಜಮೈಕಾ ನೋಡಿದೆವು ಅಂತ ವಾಪಸು. ನಾವು ಗೇಟು ದಾಟಿ ಊರೊಳಗೆ ನಡೆದೆವು. ಹದಿನೆಂಟನೇ ಶತಮಾನದಲ್ಲಿ ಸಕ್ಕರೆ ಸಾಗಿಸಲು ಎದ್ದ ಊರು. ಆ ಸಕ್ಕರೆಯ ಹಿಂದೆ ಆಫ್ರಿಕದಿಂದ ಹಿಡಿದು ತಂದ ಗುಲಾಮರ ಬೆವರು. 1838ರಲ್ಲಿ ಅವರು ಪೂರ್ತಿ ಸ್ವತಂತ್ರರಾದ ಮೇಲೆ ಕಬ್ಬಿನ ತೋಟಕ್ಕೆ ಕೂಲಿಗಳು ಬೇಕಾದರು. 1845ರ ಮೇ 10ರಂದು ಒಂದು ಹಡಗು ನಮ್ಮ ದೇಶದವರನ್ನು ಇದೇ ದ್ವೀಪದ ದಕ್ಷಿಣ ತೀರದ ಓಲ್ಡ್ ಹಾರ್ಬರ್‌ನಲ್ಲಿ ಇಳಿಸಿತು. 1917ರ ತನಕ ಬಂದವರು ಸುಮಾರು 36,000. ಅವರದ್ದೂ ಕಾಂಟ್ರಾಕ್ಟೇ, ಹೆಬ್ಬೆಟ್ಟು ಒತ್ತಿದ್ದು. ಏನು ಬರೆದಿದೆ ಅಂತ ಬಹುಪಾಲು ಜನರಿಗೆ ಗೊತ್ತಿರಲಿಲ್ಲ, ಬಹಳ ಮಂದಿ ತಿರುಗಿ ಬರಲಿಲ್ಲ. ನಿನ್ನ ಕಾಂಟ್ರಾಕ್ಟನ್ನು ಅದಕ್ಕೆ ಹೋಲಿಸುವಷ್ಟು ದಡ್ಡಿ ನಾನಲ್ಲ. ನಿನಗೆ ಓದು ಬರುತ್ತದೆ, ಬೇಡವಾದರೆ ವಿಮಾನ ಹತ್ತಿ ಬರಬಹುದು. ಆದರೆ ಆ ಬೀದಿಯ ಬಿಸಿಲಲ್ಲಿ ನಿಂತಾಗ ಕಾರ್ಕಳದ ಹುಡುಗನ ನೆನಪಾಯಿತು, ಅಷ್ಟೆ.

ದೊಡ್ಡಪ್ಪನಿಗೆ ಮಾತ್ರ ಜಮೈಕಾ ಅಂದರೆ ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕ್ ಕ್ರಿಕೆಟ್ ಮೈದಾನ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಾವು ನಾನೂರಾ ಮೂರರ ಗುರಿ ದಾಟಿ 406 ಹೊಡೆದು ಗೆದ್ದದ್ದು, ನಮ್ಮ ವಿಶ್ವನಾಥ್ 112, ಆಮೇಲಿನ ಟೆಸ್ಟಿನಲ್ಲಿ ಸಬೀನಾ ಪಾರ್ಕಿನ ಪಿಚ್ಚಿನಲ್ಲಿ ಹೋಲ್ಡಿಂಗ್ ಮತ್ತಿತರರ ಚೆಂಡಿಗೆ ವಿಶ್ವನಾಥ್ ಬೆರಳು ಮುರಿದದ್ದು, ಬ್ರಿಜೇಶ್ ಪಟೇಲ್ ಬಾಯಿಗೆ ಪೆಟ್ಟಾದದ್ದು, ಎಲ್ಲವನ್ನೂ ಒಬ್ಬ ಮುದಿ ಟ್ಯಾಕ್ಸಿ ಡ್ರೈವರಿಗೆ ತಮ್ಮ ಮೇಷ್ಟ್ರ ಇಂಗ್ಲಿಷಿನಲ್ಲಿ ವಿವರಿಸಿದರು. ಅವನು "ಹೋಲ್ಡಿಂಗ್!" ಅಂತ ತೊಡೆ ತಟ್ಟಿ ನಕ್ಕ. ನಮ್ಮ ಬೆರಳು ಮುರಿದದ್ದಕ್ಕೆ ನಗುವವನ ಹತ್ತಿರ ಇವರು ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು.

ಗ್ರಾಂಡ್ ಕೇಮನ್‌ನಲ್ಲಿ ಹಡಗು ಕಟ್ಟೆಗೆ ತಾಗುವುದಿಲ್ಲ, ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ತೊರಕೆ ಮೀನಿನ ಜೊತೆ ನೀರಲ್ಲಿ ನಿಲ್ಲುವ ಜಾಗ ಅಲ್ಲಿ ಪ್ರಸಿದ್ಧ, ಮೊಮ್ಮಗಳು ಹೋಗಿ ಬಂದಳು. ದುಬಾರಿ ಊರು, ಅಲ್ಲಿನ ಡಾಲರು ಅಮೆರಿಕದ ಡಾಲರಿಗಿಂತ ಭಾರ. ಹೆಚ್ಚು ಹೇಳಲು ಏನೂ ಇಲ್ಲ.

ಮೆಕ್ಸಿಕೋದ ಕೋಸುಮೆಲ್‌ನ ನೀರನ್ನು ಮಾತ್ರ ಹೇಳಲೇಬೇಕು. ಹತ್ತಾಳು ಆಳದಲ್ಲಿ ಬಿದ್ದ ಕಲ್ಲು ಕಾಣುತ್ತದೆ, ಹಸಿರು ನೀಲಿ. ನಮ್ಮ ಮಲ್ಪೆ ಯಾಕೆ ಹೀಗಿಲ್ಲ ಅಂತ ಮಗಳು ಕೇಳಿದಳು. ಭೂಗೋಳದ ಟೀಚರಿಗೆ ಇಂಥ ಪ್ರಶ್ನೆ ಸಿಕ್ಕಿದರೆ ಬಿಡುವುದುಂಟೇ? ಆ ನೀರು ತಿಳಿಯಾಗಿರುವುದು ಅದರಲ್ಲಿ ಮೀನಿನ ಮೇವು ಕಡಿಮೆ ಇರುವುದರಿಂದ. ನಮ್ಮಲ್ಲಿ ಮಳೆಗಾಲದಲ್ಲಿ ಕಡಲ ತಳದ ತಂಪು ನೀರು ಸತ್ವ ಹೊತ್ತು ಮೇಲೇಳುತ್ತದೆ, ಹೊಳೆಗಳು ಮಣ್ಣು ತಂದು ಸುರಿಯುತ್ತವೆ, ನೀರು ಕದಡುತ್ತದೆ. ಬಂಗುಡೆ, ಬೂತಾಯಿ ರಾಶಿ ರಾಶಿ ಬೀಳುವುದು ಅದರ ಪುಣ್ಯದಿಂದ. ಸಸ್ಯಾಹಾರಿಯಾದ ನಾನು ಮೀನಿನ ಪರ ವಾದಿಸಿದ್ದು ನೋಡಿ ಅಳಿಯ ಬಹಳ ಖುಷಿಪಟ್ಟ.

ಕೊನೆಯ ರಾತ್ರಿ ರಿಸೆಪ್ಷನ್ ಎದುರು ಉದ್ದ ಸಾಲು. ಅಮೆರಿಕದ ಹಡಗುಗಳಲ್ಲಿ ತಲೆಗೆ ದಿನಕ್ಕೆ ಇಷ್ಟು ಅಂತ ಟಿಪ್ಸ್ ತಾನಾಗಿ ಬಿಲ್ಲಿಗೆ ಸೇರುತ್ತದೆ, ಬೇಡ ಅಂದವರು ಕೇಳಿ ತೆಗೆಸಬಹುದು. ವೇಟರುಗಳ ದುಡಿಮೆಯಲ್ಲಿ ಅದರ ಪಾಲು ದೊಡ್ಡದು. ವಾರವಿಡೀ ಆ ಹುಡುಗರನ್ನು ಓಡಾಡಿಸಿದ ಒಂದು ಸಂಸಾರ ಅದನ್ನು ತೆಗೆಸಲು ಕೌಂಟರಿನಲ್ಲಿ ವಾದ ಮಾಡುತ್ತಿತ್ತು. ಯಾವ ದೇಶದವರು ಅಂತ ಬರೆಯುವುದಿಲ್ಲ, ನಿನಗೆ ಅರ್ಥವಾಗುತ್ತದೆ. ನಿನ್ನ ಟೇಬಲ್ಲಿಗೂ ಅಂಥವರು ಬರುತ್ತಾರೆ. ಅವರಿಗೂ ಮೊಸರು ತಂದುಕೊಡು.

ಇಳಿಯುವ ಬೆಳಗು ನೋಡಬೇಕಿತ್ತು ನೀನು. ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಬಾಗಿಲ ಹೊರಗಿಡಬೇಕು. ಬೆಳಕು ಹರಿಯುವಷ್ಟರಲ್ಲಿ ಮಯಾಮಿ. ಬೆಳಗಿನ ಹತ್ತರೊಳಗೆ ಸಾವಿರಾರು ಜನ ಖಾಲಿ, ಮಧ್ಯಾಹ್ನಕ್ಕೆ ಅಷ್ಟೇ ಹೊಸ ಜನ ಹತ್ತಲು ಶುರು. ಆ ಎರಡು ಮೂರು ಗಂಟೆಯಲ್ಲಿ ಎಲ್ಲ ಹಾಸಿಗೆ, ಎಲ್ಲ ಬಚ್ಚಲು, ವಾರದ ತರಕಾರಿ, ಹಿಟ್ಟು, ಹಾಲು. ಕಾರಿಡಾರಿನಲ್ಲಿ ಬೆಡ್‌ಶೀಟಿನ ಗಂಟು ಎಳೆಯುತ್ತಿದ್ದವರಲ್ಲಿ ಒಬ್ಬರಿಗೂ ಮಾತಾಡಲು ಪುರುಸೊತ್ತಿಲ್ಲ. ಕಾರ್ಕಳದವನು ದೂರದಿಂದ ಕೈ ಎತ್ತಿದ. ಅವನ ಟೇಬಲ್ಲಿಗೆ ಆ ರಾತ್ರಿಯೇ ಬೇರೆಯವರು.

ಹೋಗು ಅಂತಲೇ ನಾನು ಹೇಳುವುದು. ಇಪ್ಪತ್ತೆರಡರ ಪ್ರಾಯಕ್ಕೆ ಒಂದು ಕಾಂಟ್ರಾಕ್ಟ್ ಮುಗಿಸುವಷ್ಟು ಗಟ್ಟಿತನ ನಿನಗಿದೆ. ಹತ್ತು ದೇಶದವರ ಜೊತೆ ಒಂದೇ ಒಲೆಯಲ್ಲಿ ದುಡಿದರೆ ಕಲಿಯುವುದು ಬೇಕಾದಷ್ಟಿದೆ. ಆದರೆ ಆ ಏಜೆಂಟು ಎರಡು ಲಕ್ಷ ಕೇಳುತ್ತಿದ್ದಾನೆ ಅಂತ ನಿನ್ನ ಅಮ್ಮ ಹೇಳಿದಳಲ್ಲ, ಅದು ಸರಿಯಲ್ಲ. ಹಡಗಿನ ಕೆಲಸ ಕೊಡಿಸಲು ಕೆಲಸಗಾರನಿಂದ ದುಡ್ಡು ತೆಗೆದುಕೊಳ್ಳಬಾರದು ಅಂತ 2006ರ ಸಾಗರ ಕಾರ್ಮಿಕ ಒಪ್ಪಂದ ಹೇಳುತ್ತದೆ, 2015ರಲ್ಲಿ ಭಾರತವೂ ಅದಕ್ಕೆ ಒಪ್ಪಿದೆ. ಪಾಸ್‌ಪೋರ್ಟ್, ಮೆಡಿಕಲ್, ಸಿಡಿಸಿ ಅನ್ನುವ ನಾವಿಕರ ಪುಸ್ತಕ ಇಷ್ಟರ ಖರ್ಚು ನಿನ್ನದು, ವೀಸಾದ್ದು ಅವರದ್ದು. ಹಡಗಿಗೆ ಜನ ಸೇರಿಸುವ ಏಜೆಂಟರಿಗೆ ಬೇಕಾದ ಆರ್‌ಪಿಎಸ್‌ಎಲ್ ಲೈಸೆನ್ಸ್ ಉಂಟಲ್ಲ, ಅವನ ಆ ನಂಬರ್ ಕೇಳು. ಮುಂಬೈಯ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನ ವೆಬ್‌ಸೈಟಿನಲ್ಲಿ ಹೊಂದಿಸಿ ನೋಡು. ನಂಬರ್ ಕೊಡಲು ತಡವರಿಸಿದರೆ ಮತ್ತೆ ಆ ಮೆಟ್ಟಿಲು ಹತ್ತಬೇಡ, ಬೇರೆ ಏಜೆನ್ಸಿ ಹುಡುಕೋಣ. ಅಗ್ರಿಮೆಂಟ್ ಕೈಗೆ ಬಂದ ದಿನ ಸಹಿ ಹಾಕುವ ಮೊದಲು ಎಲ್ಲ ಪುಟ ವಾಟ್ಸಾಪ್ ಮಾಡು, ನಾನೂ ಒಮ್ಮೆ ಕನ್ನಡಕ ಹಾಕಿಕೊಂಡು ಓದುತ್ತೇನೆ. ಬಿಸಿ ತಟ್ಟೆಗೆ ಕೈ ಸುಡದ ಹಾಗೆ ಉದ್ದ ತೋಳಿನ ಬನಿಯನ್ ನಾಲ್ಕು ತೆಗೆದಿಡು.

ಬಾರ್ಬಡೋಸ್ ಕಡೆ ಹೋಗುವ ಹಡಗು ಸಿಕ್ಕಿದರೆ ಬ್ರೇಕಿನಲ್ಲಿ ಕೆನ್ಸಿಂಗ್‌ಟನ್ ಓವಲ್‌ಗೆ ಹೋಗಿ ಫೋಟೋ ಕಳಿಸಬೇಕಂತೆ, ದೊಡ್ಡಪ್ಪ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾರೆ.

ನಿನ್ನ
ದೊಡ್ಡಮ್ಮ